ದನ ಮೇಯ್ದ ತಾಕಿನ ಇಳುವರಿ ಸೊನ್ನೆಯೇ?

ಹಿಂಗಾರಿ ಬಿತ್ತನೆ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಬಿಳಿಜೋಳದ ತಳಿಗಳ ಇಳುವರಿ ಪಟ್ಟಿ ಬಂದರೆ ಎಲ್ಲರ ಕಣ್ಣೂ ಸರಾಸರಿಯ ಮೇಲೆ. ಪ್ರಯೋಗದಲ್ಲಿ ಎಷ್ಟು ತಾಕು ಬಿತ್ತಿದ್ದರು, ಎಷ್ಟರಲ್ಲಿ ರಾಶಿ ಮಾಡಿದರು ಎಂದು ಕೇಳುವವರು ಕಡಿಮೆ. ಆದರೆ ಒಂದೇ ತಾಕು ಹಾಳಾದರೂ ಪಟ್ಟಿ ಮೇಲೆ ಕೆಳಗೆ ಆಗಬಹುದು.

ಒಂದು ಊಹೆಯ ಲೆಕ್ಕ ನೋಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಒಂದೊಂದು ಹೊಲ. ಮಣ್ಣು, ಮಳೆ ಎಲ್ಲ ಕಡೆ ಒಂದೇ ಅಲ್ಲ. ಹಾಗಾಗಿ ಪ್ರತಿ ಹೊಲವೂ ಒಂದು ‘ಬ್ಲಾಕ್’. ಅದರಲ್ಲಿ ಮೂರು ಸಮ ತಾಕು. ಯಾವುದಕ್ಕೆ ಯಾವ ತಳಿ ಎಂದು ಚೀಟಿ ಎತ್ತಿ ಬಿತ್ತುತ್ತಾರೆ.

ಇದೇ ಊರುಗಳ ಕ್ರಮದಲ್ಲಿ ‘ಖ’ ತಳಿ 9, 11, 7, 13 ಕಿಲೋ ಕೊಟ್ಟಿತು. ‘ಗ’ ತಳಿ 8, 10, 6, 12. ‘ಕ’ ತಳಿ ಮೊದಲ ಮೂರು ಕಡೆ 10, 12, 8 ಕೊಟ್ಟಿತು. ಬಾಗೇವಾಡಿಯಲ್ಲಿ ಅದರ ತಾಕನ್ನು ದನ ಮೇಯ್ದವು.

ಸೊನ್ನೆ ಬರೆದರೆ ‘ಕ’ ಸರಾಸರಿ 7.5, ಎಲ್ಲಕ್ಕಿಂತ ಕೆಳಗೆ. ಬಿಟ್ಟುಬಿಟ್ಟರೆ 10, ‘ಖ’ಗೆ ಸಮ. ಇದೂ ಮೋಸವೇ. ಮೂರೂ ಊರಲ್ಲಿ ‘ಕ’ ಒಂದು ಕಿಲೋ ಮುಂದಿತ್ತು. ಬಾಗೇವಾಡಿಯ ಒಳ್ಳೆ ಬೆಳೆ ‘ಖ’ ಖಾತೆಗೆ ಮಾತ್ರ ಸೇರಿತು.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಫ್ರ್ಯಾಂಕ್ ಯೇಟ್ಸ್ 1933ರಲ್ಲಿ ಇದಕ್ಕೆ ಸೂತ್ರ ಕೊಟ್ಟರು. ‘ಕ’ದ ಉಳಿದ ಮೊತ್ತ 30ನ್ನು ತಳಿಗಳ ಸಂಖ್ಯೆ 3ರಿಂದ, ಬಾಗೇವಾಡಿಯ ಉಳಿದ ಮೊತ್ತ 25ನ್ನು ಹೊಲಗಳ ಸಂಖ್ಯೆ 4ರಿಂದ ಗುಣಿಸಿ. ಕೂಡಿಸಿದರೆ 190. ಎಲ್ಲ ತಾಕುಗಳ ಮೊತ್ತ 106 ಕಳೆದರೆ 84. ಅದನ್ನು (3−1)×(4−1), ಅಂದರೆ 6ರಿಂದ ಭಾಗಿಸಿದರೆ 14. ಆಗ ‘ಕ’ ಸರಾಸರಿ 11. ನಿಜವಾದ ಹೊಲದ ಅಂಕಿಗಳು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ, ಬಿಡಿ.

ಈ 14 ಯಾರೂ ಕೊಯ್ದ ಕಾಳಲ್ಲ. ಹೋಲಿಕೆ ಓರೆಯಾಗದಂತೆ ಇಟ್ಟ ಅಂದಾಜು ಅಷ್ಟೆ. ಹೊಸ ಮಾಹಿತಿ ತರುವುದಿಲ್ಲ. ಅದಕ್ಕೇ ಹೊಲದ ಏರುಪೇರು ಅಳೆಯಲು ಸಿಗುವ ಸ್ವತಂತ್ರ ಹೋಲಿಕೆಗಳು 6ರಿಂದ 5ಕ್ಕೆ ಇಳಿಯುತ್ತವೆ. ಹಲವು ತಾಕು ಹೋದರೆ ತೀರ್ಮಾನವೂ ಅಷ್ಟೇ ಸಡಿಲ.

ತಾಕು ಯಾಕೆ ಹೋಯಿತು ಎಂಬುದು ಸೂತ್ರಕ್ಕಿಂತ ದೊಡ್ಡ ಪ್ರಶ್ನೆ. ದನ ಮೇಯ್ದರೆ ತಳಿಯ ತಪ್ಪಲ್ಲ. ಮಳೆ ಕೈಕೊಟ್ಟು ಆ ತಳಿ ಮಾತ್ರ ಒಣಗಿದರೆ ಅದು ನಿಜವಾದ ಸೊನ್ನೆ. ಅದಕ್ಕೆ 14 ತುಂಬುವುದು ಸುಳ್ಳು. ಹಕ್ಕಿ ತಿಂದರೆ? ಬೇಗ ತೆನೆ ಬಿಡುವ ತಳಿಗೆ ಹಕ್ಕಿಗಳು ಮೊದಲು ಮುಗಿಬೀಳಬಹುದು. ಆಗ ತಪ್ಪು ಹಕ್ಕಿಯದೋ ತಳಿಯದೋ, ಹೊಲ ನೋಡಿದವರೇ ಹೇಳಬೇಕು.