ಕೇಳಿದ ಘಂಟೆ, ಕಲಿತ ವಿದ್ಯೆ

ಉದ್ಯೋಗದಲ್ಲಿರುವವನು ಕಡೆಯವರೆಗೂ ವಿದ್ಯಾರ್ಥಿಯಾಗಿಯೇ ಉಳಿಯಬೇಕೆಂಬುದು ನಿರ್ವಿವಾದ. ಮೂವತ್ತು ವರ್ಷಗಳ ಹಿಂದೆ ಕಲಿತ ಚಿಕಿತ್ಸೆಯನ್ನೇ ಇಂದಿಗೂ ನಡೆಸುವ ವೈದ್ಯನನ್ನಾಗಲಿ, ಸೇವೆಗೆ ಸೇರಿದ ವರ್ಷ ಬರೆದ ಪಾಠಟಿಪ್ಪಣಿಯನ್ನೇ ನಿವೃತ್ತಿಯ ದಿನದವರೆಗೆ ಒಪ್ಪಿಸುವ ಉಪಾಧ್ಯಾಯನನ್ನಾಗಲಿ ಯಾರೂ ಸಮರ್ಥಿಸಲಾರರು. ವಿವಾದವಿರುವುದು ಈ ಕಲಿಕೆಯನ್ನು ಅಳೆಯಲು ನಾವು ಕೈಗೆತ್ತಿಕೊಂಡಿರುವ ಮಾನದಂಡದ ವಿಷಯದಲ್ಲಿ. ಆ ಮಾನದಂಡವು ಘಂಟೆ. ಇಷ್ಟು ಘಂಟೆ ಕುಳಿತು ಕೇಳಿದರೆ ಇಷ್ಟು ಕ್ರೆಡಿಟ್. ಇಷ್ಟು ಕ್ರೆಡಿಟ್ ಕೂಡಿದರೆ ವಿದ್ಯೆಯು ವೃದ್ಧಿಯಾಯಿತೆಂದು ಪ್ರಮಾಣಪತ್ರ. ಹಾಲನ್ನು ಮೊಳದಿಂದ ಅಳೆಯುವ ಈ ಪದ್ಧತಿಯು ತಿದ್ದುಪಡಿಗೆ ಅರ್ಹವಾದುದೆಂಬುದೇ ಈ ಲೇಖನದ ಪ್ರತಿಜ್ಞೆ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮಗಳಲ್ಲಿ ವೈದ್ಯರು ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 30 ಘಂಟೆಗಳ ಮುಂದುವರಿದ ಶಿಕ್ಷಣವನ್ನು ಪಡೆಯತಕ್ಕದ್ದೆಂದು ಹೇಳಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಉಪಾಧ್ಯಾಯನಿಗೂ ವರ್ಷಕ್ಕೆ ಕನಿಷ್ಠ 50 ಘಂಟೆಗಳನ್ನು ವಿಧಿಸಿತು. ಸಿ. ಬಿ. ಎಸ್. ಇ. ಮಂಡಳಿಯು ತನ್ನ ಶಾಲೆಗಳಿಗೆ ಅದನ್ನೇ ಕಡ್ಡಾಯ ಮಾಡಿ, 25 ಘಂಟೆ ತನ್ನ ಮತ್ತು ಸರ್ಕಾರದ ತರಬೇತಿ ಸಂಸ್ಥೆಗಳಿಂದ, ಉಳಿದ 25 ಘಂಟೆ ಶಾಲೆಯೊಳಗೆ ಅಥವಾ ನೆರೆಶಾಲೆಗಳ ಕೂಟದಲ್ಲಿ ಎಂದು ಹಂಚಿತು. ಮೂವತ್ತು ವರ್ಷ ಸೇವೆ ಮಾಡುವ ಉಪಾಧ್ಯಾಯನು ಈ ಲೆಕ್ಕದಂತೆ 1,500 ಘಂಟೆ ಶ್ರೋತೃವಾಗಬೇಕು. ಇದು ಸಣ್ಣ ವ್ಯಯವಲ್ಲ. ಆದುದರಿಂದ ಫಲವೇನೆಂದು ಕೇಳುವ ಅಧಿಕಾರ ನಮಗುಂಟು.

ಘಂಟೆಯಿಂದ ವಿದ್ಯೆಯನ್ನು ಎಣಿಸುವ ರೂಢಿ ಎಲ್ಲಿಂದ ಬಂದಿತೆಂಬುದನ್ನು ತಿಳಿದರೆ ವಾಚಕರಿಗೆ ಸೋಜಿಗವಾದೀತು. ಅಮೆರಿಕೆಯ ಧನಿಕನಾದ ಆಂಡ್ರ್ಯೂ ಕಾರ್ನೆಗಿಯು 1905ರಲ್ಲಿ ಕಾಲೇಜು ಅಧ್ಯಾಪಕರ ವಿಶ್ರಾಂತಿ ವೇತನಕ್ಕಾಗಿ ಒಂದು ಕೋಟಿ ಡಾಲರುಗಳನ್ನು ಕೊಟ್ಟನು. ಆ ಧನಕ್ಕೆ ಯಾವ ಕಾಲೇಜು ಅರ್ಹವೆಂದು ನಿರ್ಣಯಿಸಬೇಕಾದಾಗ, ಪ್ರವೇಶಕ್ಕೆ ಬರುವ ವಿದ್ಯಾರ್ಥಿಯು ಪ್ರೌಢಶಾಲೆಯಲ್ಲಿ ಒಂದೊಂದು ವಿಷಯವನ್ನು ಎಷ್ಟು ಘಂಟೆ ಓದಿರಬೇಕೆಂಬ ಒಂದು ಏಕಮಾನವನ್ನು ಅವನ ಸಂಸ್ಥೆಯು ಬಳಕೆಗೆ ತಂದಿತು. ಪಿಂಚಣಿಯ ಅನುಕೂಲಕ್ಕಾಗಿ ಹರಡಿದ ಲೆಕ್ಕವು ಕ್ರಮೇಣ ವಿದ್ಯೆಯ ತಕ್ಕಡಿಯಾಯಿತು. ಆ ಏಕಮಾನವು ಕಲಿಕೆಯನ್ನು ಅಳೆಯಲು ಹುಟ್ಟಿದ್ದಲ್ಲವೆಂದು ಅದೇ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಪ್ಪಿಕೊಂಡಿದೆ. ತಂದವರೇ ಕೈಬಿಟ್ಟ ವಾದವನ್ನು ನಾವು ಎತ್ತಿ ಹಿಡಿಯುವುದೇಕೆ?

ನಮ್ಮಲ್ಲಿ ಇದಕ್ಕಿಂತ ಸೂಕ್ಷ್ಮವಾದ ಎಣಿಕೆಯೊಂದು ಬಹುಕಾಲದಿಂದ ಇದೆ. ಪತಂಜಲಿಯ ಮಹಾಭಾಷ್ಯದ ಮೊದಲನೆಯ ಆಹ್ನಿಕವನ್ನು ಓದಿದವರು ಬಲ್ಲರು: ವಿದ್ಯೆಯು ಸಾರ್ಥಕವಾಗುವುದಕ್ಕೆ ಅಲ್ಲಿ ನಾಲ್ಕು ಕಾಲಗಳನ್ನು ಹೇಳಿದೆ. ಗುರುವಿನಿಂದ ಪಡೆಯುವ ಆಗಮಕಾಲ, ತಾನೇ ಮನನಮಾಡುವ ಸ್ವಾಧ್ಯಾಯಕಾಲ, ಇತರರಿಗೆ ಹೇಳುವ ಪ್ರವಚನಕಾಲ, ಕಾರ್ಯದಲ್ಲಿ ತೊಡಗಿಸುವ ವ್ಯವಹಾರಕಾಲ. ಇಂದಿನ ಕ್ರೆಡಿಟ್ಟು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ ಎಣಿಸಿ ಮಿಕ್ಕ ಮೂರನ್ನು ಬಿಡುತ್ತದೆ. ಕಾಲುಭಾಗವನ್ನು ತೂಗಿ ಪೂರ್ಣಕ್ಕೆ ರಸೀತಿ ಕೊಡುವ ಅಂಗಡಿಯವನನ್ನು ನಾವು ಏನೆಂದು ಕರೆಯುತ್ತೇವೆ?

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಮೂರಕ್ಕಿಂತ ನಾಲ್ಕು ದೊಡ್ಡದಾದುದರಿಂದ ಮೂರನೆಯ ಒಂದಕ್ಕಿಂತ ನಾಲ್ಕನೆಯ ಒಂದು ದೊಡ್ಡದೆಂದು ಅನೇಕ ಮಕ್ಕಳು ತಿಳಿಯುತ್ತಾರೆ. ಈ ಭ್ರಮೆಯನ್ನು ಹೋಗಲಾಡಿಸುವ ಬಗೆಯನ್ನು ಕುರಿತು ಇಬ್ಬರು ಉಪಾಧ್ಯಾಯರು ಒಂದು ಘಂಟೆ ವ್ಯಾಖ್ಯಾನ ಕೇಳಿದರೆನ್ನೋಣ. ಒಬ್ಬರು ಮರುದಿನ ಎರಡು ರೊಟ್ಟಿಗಳನ್ನು ತರಗತಿಗೆ ತಂದು, ಒಂದನ್ನು ಮೂವರಿಗೂ ಇನ್ನೊಂದನ್ನು ನಾಲ್ವರಿಗೂ ಹಂಚಿಸಿ, ಯಾರ ಪಾಲು ದೊಡ್ಡದೆಂದು ಕೇಳಿದರು. ಇನ್ನೊಬ್ಬರು ವ್ಯಾಖ್ಯಾನವನ್ನು ಮೊಬೈಲಿನಲ್ಲಿ ಧ್ವನಿಯಡಗಿಸಿ ಓಡಬಿಟ್ಟು, ಕೊನೆಯ ಪ್ರಶ್ನೆಗಳಿಗೆ ವಾಟ್ಸಾಪಿನಲ್ಲಿ ಹರಿದುಬಂದ ಉತ್ತರಗಳನ್ನು ಒತ್ತಿದರು. ಇಬ್ಬರಿಗೂ ಅದೇ ಪ್ರಮಾಣಪತ್ರ, ಅದೇ ಕ್ರೆಡಿಟ್ಟು. ಮೊದಲನೆಯವರ ಶ್ರಮಕ್ಕೆ ಮನ್ನಣೆಯಿಲ್ಲ. ಎರಡನೆಯವರ ಉಪಾಯಕ್ಕೆ ದಂಡವಿಲ್ಲ. ನಷ್ಟವಾದುದು ಯಾರಿಗೆ? ಮುಂದಿನ ತರಗತಿಗೂ ಅದೇ ಭ್ರಮೆಯನ್ನು ಹೊತ್ತೊಯ್ಯುವ ಮಗುವಿಗೆ. ಎರಡನೆಯವರನ್ನು ಬಯ್ಯುವುದು ಸುಲಭ. ಆದರೆ ಹಗಲೆಲ್ಲ ಪಾಠಮಾಡಿ, ಬಿಸಿಯೂಟದ ಲೆಕ್ಕ ಬರೆದು, ರಾತ್ರಿ ಹತ್ತಕ್ಕೆ ವ್ಯಾಖ್ಯಾನ ಕೇಳೆಂದರೆ ಆಗುವುದು ಇದೇ. ಒಬ್ಬರೇ ಉಪಾಧ್ಯಾಯರಿರುವ ಹಳ್ಳಿಯ ಶಾಲೆಯಲ್ಲಂತೂ, ಬದಲಿಯವರನ್ನು ಕಳುಹಿಸದಿದ್ದರೆ ತರಬೇತಿಯ ದಿನವೆಂದರೆ ಶಾಲೆಗೆ ಬೀಗವೇ.

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: “ನಿರ್ಬಂಧವಿಲ್ಲದಿದ್ದರೆ ಯಾರೂ ಓದುವುದಿಲ್ಲ, ಘಂಟೆಯನ್ನಾದರೂ ಎಣಿಸಬಹುದು, ಉಪಯೋಗವನ್ನು ಎಣಿಸುವುದು ಹೇಗೆ?” ನಿರ್ಬಂಧವಿರಲಿ; ನಮಗೆ ಅದರಲ್ಲಿ ಆಕ್ಷೇಪಣೆಯಿಲ್ಲ. ಆದರೆ ಎಣಿಸಲು ಸುಲಭವೆಂಬ ಮಾತ್ರಕ್ಕೆ ಎಣಿಸತಕ್ಕದ್ದನ್ನು ಬಿಟ್ಟು ಬೇರೊಂದನ್ನು ಎಣಿಸುವುದು ನ್ಯಾಯವಲ್ಲ. 2023ರಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಸಹ 30 ಘಂಟೆಗಳ ಕಲಿಕೆಗೆ ಒಂದು ಕ್ರೆಡಿಟ್ ಎನ್ನುತ್ತಲೇ, ಮೌಲ್ಯಮಾಪನವಿಲ್ಲದೆ ಕ್ರೆಡಿಟ್ ಸಲ್ಲದೆಂದಿದೆ. ತತ್ತ್ವವನ್ನು ಅವರೇ ಒಪ್ಪಿದ್ದಾರೆ. ಆಚರಣೆಯನ್ನು ನಾವು ಕೇಳುತ್ತಿದ್ದೇವೆ. ಮತ್ತೂ ಗಮನಿಸತಕ್ಕ ಅಂಶವೊಂದಿದೆ. ಆ 50 ಘಂಟೆಗಳು ಉಪಾಧ್ಯಾಯನ ಸ್ವಂತ ಆಸಕ್ತಿಯನ್ನು ಅನುಸರಿಸಿ ನಡೆಯಬೇಕೆಂದು 2020ರ ನೀತಿಯಲ್ಲಿಯೇ ಬರೆದಿದೆ. ಸಂಖ್ಯೆಯು ಆಜ್ಞೆಯಾಗಿ ಕೆಳಗಿಳಿಯಿತು. ಆಸಕ್ತಿಯು ಕಾಗದದಲ್ಲಿಯೇ ಉಳಿಯಿತು.

ಖಂಡನೆಯಿಷ್ಟೇ ಸಾಲದು. ನನ್ನ ಸೂಚನೆಗಳು ಮೂರು. ಮೊದಲನೆಯದು, ಘಂಟೆಗಳಲ್ಲಿ ಅರ್ಧವನ್ನಾದರೂ ಉಪಾಧ್ಯಾಯರ ಸ್ವಾಧ್ಯಾಯಕ್ಕೆ ಬಿಡಬೇಕು. ಗಣಿತದವರು ಒಂದು ಒಳ್ಳೆಯ ಗ್ರಂಥವನ್ನು ಮುಗಿಸಿದರೆ ಅದೂ ಕಲಿಕೆಯೇ. ಎರಡನೆಯದು, ಕೇಳಿದುದನ್ನು ತರಗತಿಯಲ್ಲಿ ಒಮ್ಮೆ ಪ್ರಯೋಗಿಸಿ, ಅದನ್ನು ಒಬ್ಬ ಸಹೋದ್ಯೋಗಿಯು ಕಣ್ಣಾರೆ ಕಂಡು ನಾಲ್ಕು ಪಂಕ್ತಿ ಬರೆದುಕೊಟ್ಟ ಮೇಲೆಯೇ ಕ್ರೆಡಿಟ್ ಸಲ್ಲಬೇಕು. ಮೂರನೆಯದು, ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆಗಳ ವಾಚನವನ್ನು ಅರ್ಧ ಘಂಟೆಗೆ ಮುಗಿಸಿ, ಮಿಕ್ಕ ಹೊತ್ತನ್ನು ಇಂತಹ ಪ್ರಯೋಗಗಳ ಪ್ರವಚನಕ್ಕೆ ಕೊಡಬೇಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಉಪಾಧ್ಯಾಯರೂ ವೈದ್ಯರೂ ಲೆಕ್ಕಪರಿಶೋಧಕರೂ ಇದ್ದಾರೆ. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಗೋಡೆಗೆ ಪ್ರಮಾಣಪತ್ರವನ್ನು ತೂಗುಹಾಕುವ ಮುನ್ನ, ಅದರಿಂದ ನಾಳೆ ನಾನು ಮಾಡುವ ಕೆಲಸದಲ್ಲಿ ಏನು ಬದಲಾಯಿತೆಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಏನೂ ಇಲ್ಲವೆಂದಾದರೆ, ಹೋದ ಘಂಟೆಯು ಹೋಯಿತು. ಅದಕ್ಕೆ ಮುದ್ರೆ ಒತ್ತಿದ ಮಾತ್ರಕ್ಕೆ ವಿದ್ಯೆಯಾಗಲಾರದು.