ಪರದೇಶದಲ್ಲಿ ಸ್ವಂತ ವ್ಯಾಪಾರ: ಹೊಲ ಮಾರುವ ಮುನ್ನ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರಿಗೆ ಊರು ಬಿಟ್ಟು ದುಡಿಯುವುದು ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಪುಣೆ, ಮುಂಬೈ, ಹೈದರಾಬಾದುಗಳ ಕಡೆ ಗುಳೆ ಹೋದ ಕುಟುಂಬಗಳ ಮಕ್ಕಳು ಇಂದು ಪದವಿ ತರಗತಿಗಳಲ್ಲಿ ಕುಳಿತಿದ್ದಾರೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. 2019ರ ನವೆಂಬರಿನಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣವೂ ಬಂತು. ಸಹಜವಾಗಿಯೇ ಮನೆಗಳಲ್ಲಿ ನಡೆಯುವ ಮಾತು ಪುಣೆಯನ್ನು ದಾಟಿ ದುಬೈ, ಲಂಡನ್ನುಗಳನ್ನು ತಲುಪಿದೆ. 'ಅಲ್ಲಿಗೆ ಹೋಗಿ ಇನ್ನೊಬ್ಬರ ಕೈಕೆಳಗೆ ದುಡಿಯುವುದೇಕೆ, ಸ್ವಂತ ವ್ಯಾಪಾರವನ್ನೇ ಹಾಕಬಾರದೇಕೆ?' ಎಂದು ಕೇಳುವ ಮಕ್ಕಳಿದ್ದಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಅದರ ಬೆನ್ನಿಗೇ 'ಎರಡೆಕರೆ ಹೊಲ ಮಾರಿದರೆ ಆಯಿತು' ಎಂಬ ಮಾತು ಬಂದಾಗ ಪಾಲಕರು ಒಂದು ಗಳಿಗೆ ನಿಲ್ಲುವುದು ಒಳ್ಳೆಯದು.

ಪುಣೆಯಲ್ಲಿ ಅಂಗಡಿ ಹಾಕಲು ಬಾಡಿಗೆ ಕೋಣೆ, ಸ್ಥಳೀಯ ಪರವಾನಗಿ ಮತ್ತು ಒಂದಿಷ್ಟು ಬಂಡವಾಳ ಇದ್ದರೆ ಸಾಕು. ಪರದೇಶದಲ್ಲಿ ಇವೆಲ್ಲಕ್ಕಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ಆ ದೇಶ ಯಾವ ಕೆಲಸಕ್ಕೆಂದು ಒಳಗೆ ಬಿಟ್ಟಿದೆ?

ವೀಸಾಗಳಲ್ಲಿ ಎಷ್ಟು ಬಗೆ

ವೀಸಾ ಎಂದರೆ ಇಂಥ ಕೆಲಸಕ್ಕೆ, ಇಷ್ಟು ದಿನಕ್ಕೆ ಎಂದು ಕೊಡುವ ಅನುಮತಿ. 'ಬಿಸಿನೆಸ್ ವೀಸಾ' ಎಂಬ ಹೆಸರು ಕೇಳಿ ಮೋಸಹೋಗುವವರು ಹೆಚ್ಚು. ಸಾಮಾನ್ಯವಾಗಿ ಈ ವೀಸಾ ಕೆಲವು ದಿನ ಅಥವಾ ವಾರ ಅಲ್ಲಿದ್ದು ಗಿರಾಕಿಗಳನ್ನು ಕಾಣಲು, ಪ್ರದರ್ಶನಗಳಲ್ಲಿ ಭಾಗವಹಿಸಲು, ಒಪ್ಪಂದದ ಮಾತುಕತೆ ನಡೆಸಲು ಮಾತ್ರ. ಅಲ್ಲೇ ನೆಲೆಸಿ ಅಂಗಡಿಯ ಗಲ್ಲಾ ಪೆಟ್ಟಿಗೆಯ ಮುಂದೆ ಕೂರಲು ಇದು ಸಾಲದು. ಅದಕ್ಕೆ ಉದ್ಯಮಿಗಳಿಗೆಂದೇ ಇರುವ ವಾಸದ ವೀಸಾ ಬೇಕು.

ವಿದ್ಯಾರ್ಥಿ ವೀಸಾದ ಮಿತಿ ಇನ್ನೂ ಬಿಗಿ. ಬ್ರಿಟನ್ನಿನಲ್ಲಿ ಪದವಿ ಓದುವ ವಿದ್ಯಾರ್ಥಿ ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಸ್ವಂತ ವ್ಯಾಪಾರ ಮಾಡುವಂತಿಲ್ಲ. ಅಮೆರಿಕದ ಎಫ್-1 ವೀಸಾದಲ್ಲೂ ಅನುಮತಿಯಿಲ್ಲದೆ ದುಡಿದರೆ ವೀಸಾದ ಸ್ಥಾನಮಾನವೇ ಹೋಗುತ್ತದೆ. 'ಓದಲು ಹೋಗು, ಅಲ್ಲಿ ಸಣ್ಣದಾಗಿ ಏನಾದರೂ ಶುರುಮಾಡು' ಎಂದು ಹೇಳುವ ಸಂಬಂಧಿಕರಿಗೆ ಈ ಸಂಗತಿ ಗೊತ್ತಿರುವುದಿಲ್ಲ.

ಬ್ರಿಟನ್ನಿನ ಪಾಠ

ಉದ್ಯಮಿಗಳಿಂದ ದೇಶಗಳು ಏನನ್ನು ಬಯಸುತ್ತವೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಸಾಕು. ಅಲ್ಲಿ 2008ರಿಂದ ಜಾರಿಯಲ್ಲಿದ್ದ ಉದ್ಯಮಿ ವೀಸಾಕ್ಕೆ ಸಾಮಾನ್ಯವಾಗಿ 2 ಲಕ್ಷ ಪೌಂಡ್ ಬಂಡವಾಳ ತೋರಿಸಬೇಕಿತ್ತು. 2019ರ ಮಾರ್ಚ್‌ನಲ್ಲಿ ಅದನ್ನು ಹೊಸಬರಿಗೆ ಮುಚ್ಚಿ ಇನ್ನೊವೇಟರ್ ವೀಸಾ ತಂದರು. ಬಂಡವಾಳದ ಮೊತ್ತ 50 ಸಾವಿರ ಪೌಂಡಿಗೆ ಇಳಿಯಿತು. 2023ರ ಏಪ್ರಿಲ್‌ನಲ್ಲಿ ಬಂದ ಇನ್ನೊವೇಟರ್ ಫೌಂಡರ್ ವೀಸಾದಲ್ಲಿ ಕನಿಷ್ಠ ಬಂಡವಾಳದ ಷರತ್ತನ್ನೇ ಕೈಬಿಟ್ಟರು.

ಹಾಗೆಂದು ದಾರಿ ಸುಲಭವಾಯಿತೆಂದು ತಿಳಿಯಬಾರದು. ಸರ್ಕಾರ ಗೊತ್ತುಮಾಡಿದ ಸಂಸ್ಥೆಯೊಂದು ಅರ್ಜಿದಾರನ ಯೋಜನೆಯನ್ನು ಪರೀಕ್ಷಿಸಿ ಅನುಮೋದಿಸಬೇಕು. ಯೋಜನೆ ಹೊಸತಾಗಿರಬೇಕು, ನಡೆಯುವಂಥದಾಗಿರಬೇಕು, ಬೆಳೆಯುವಂಥದಾಗಿರಬೇಕು. ಈಗಾಗಲೇ ಬೀದಿಗೊಂದರಂತೆ ಇರುವ ದಿನಸಿ ಅಂಗಡಿಯನ್ನೇ ಇನ್ನೊಂದು ಕಡೆ ತೆರೆಯುವ ಯೋಜನೆಗೆ ಅನುಮೋದನೆ ಸಿಗುವುದು ಕಷ್ಟ. ಪರಿಶೀಲನೆಗೆ 1,000 ಪೌಂಡ್ ಶುಲ್ಕ; ವೀಸಾ ದೊರೆತ ಮೇಲೂ ಪ್ರಗತಿ ನೋಡುವ ಸಭೆಗಳಿಗೆ ಬೇರೆ ಶುಲ್ಕ. ಇಂಗ್ಲಿಷಿನಲ್ಲಿ 'ಬಿ-2' ಮಟ್ಟದ ಸಾಮರ್ಥ್ಯ ಬೇಕು. ಹಣವೊಂದೇ ಕೀಲಿಕೈಯಾಗಿದ್ದ ಬಾಗಿಲಿಗೆ ಈಗ ಯೋಚನೆ, ಭಾಷೆ, ಲೆಕ್ಕಪತ್ರ ಎಂಬ ಮೂರು ಕೀಲಿಗಳು ಬೇಕಾಗಿವೆ. ಹೊಲ ಮಾರಿದ ಹಣದಿಂದ ಈ ಮೂರನ್ನು ಕೊಳ್ಳಲಾಗದು.

ಬೇರೆ ದೇಶಗಳು ಬೇರೆ ದಿಕ್ಕಿನಲ್ಲಿ ಸಾಗಿರುವುದೂ ಉಂಟು. ಜಪಾನ್ 2025ರ ಅಕ್ಟೋಬರಿನಲ್ಲಿ ತನ್ನ ವ್ಯಾಪಾರ ನಿರ್ವಹಣೆಯ ವೀಸಾಕ್ಕೆ ಬೇಕಾದ ಬಂಡವಾಳವನ್ನು 50 ಲಕ್ಷ ಯೆನ್‌ನಿಂದ 3 ಕೋಟಿ ಯೆನ್‌ಗೆ ಏರಿಸಿತು. ಅಮೆರಿಕದ ಇ-2 ಹೂಡಿಕೆ ವೀಸಾ ಒಪ್ಪಂದ ಮಾಡಿಕೊಂಡ ದೇಶಗಳ ಪ್ರಜೆಗಳಿಗೆ ಮಾತ್ರ ಮೀಸಲು. ಆ ಪಟ್ಟಿಯಲ್ಲಿ ಭಾರತ ಇಲ್ಲ. ಇನ್ನುಳಿದ ಇಬಿ-5 ದಾರಿಗೆ 2022ರ ಕಾನೂನಿನಂತೆ ಕನಿಷ್ಠ 8 ಲಕ್ಷ ಡಾಲರ್ ಹೂಡಿ, 10 ಜನರಿಗೆ ಕೆಲಸ ಕೊಡಬೇಕು. ಮೂರು ವರ್ಷದ ಹಿಂದೆ ಹೋದವರು ಹೇಳಿದ ನಿಯಮ ಇಂದು ಇರಲಾರದು. ಆದ್ದರಿಂದ ಆಯಾ ದೇಶದ ಸರ್ಕಾರ ಪ್ರಕಟಿಸಿದ ಮಾಹಿತಿಯನ್ನು ಅರ್ಜಿ ಹಾಕುವ ವಾರದಲ್ಲೇ ಮತ್ತೊಮ್ಮೆ ಓದಬೇಕು.

ಹತ್ತಿರದ ದಾರಿ ದುಬೈ

ದೊಡ್ಡ ಬಂಡವಾಳವಿಲ್ಲದವರ ಕಣ್ಣಿಗೆ ಮೊದಲು ಬೀಳುವುದು ಸಂಯುಕ್ತ ಅರಬ್ ಸಂಸ್ಥಾನ. ಹಿಂದೆ ಮುಕ್ತ ವಲಯಗಳ ಹೊರಗೆ ಕಂಪನಿ ತೆರೆಯುವ ಪರದೇಶದವರು ಶೇ 51ರಷ್ಟು ಪಾಲನ್ನು ಸ್ಥಳೀಯ ಪ್ರಜೆಯ ಹೆಸರಿನಲ್ಲಿ ಇಡಬೇಕಿತ್ತು. 2021ರ ಜೂನ್ 1ರಿಂದ ಬಹುತೇಕ ವ್ಯಾಪಾರಗಳಲ್ಲಿ ಈ ಕಟ್ಟುಪಾಡು ತೆಗೆದುಹಾಕಲಾಗಿದೆ. ಅಲ್ಲಿ ವ್ಯಾಪಾರದ ಬಗೆ ಗೊತ್ತುಮಾಡಿ ಪರವಾನಗಿ ಪಡೆಯುವುದು ಮೊದಲ ಹೆಜ್ಜೆ. ಆ ಪರವಾನಗಿಯ ಆಧಾರದ ಮೇಲೆ ಪಾಲುದಾರನ ವಾಸದ ವೀಸಾ, ವೈದ್ಯಕೀಯ ತಪಾಸಣೆ, ಗುರುತಿನ ಚೀಟಿ ಒಂದಾದಮೇಲೊಂದು ಬರುತ್ತವೆ. ಪರವಾನಗಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು. ಬಾಡಿಗೆ, ವಿಮೆ ನಿಲ್ಲುವುದಿಲ್ಲ. 2023ರ ಜೂನ್‌ನಿಂದ 3.75 ಲಕ್ಷ ದಿರ್ಹಮ್ ಮೀರಿದ ಲಾಭಕ್ಕೆ ಶೇ 9ರಷ್ಟು ತೆರಿಗೆಯೂ ಇದೆ. ಮೊದಲ ವರ್ಷ ಗಿರಾಕಿ ಬಾರದಿದ್ದರೆ ಇಷ್ಟನ್ನೂ ಊರಿನಿಂದ ತರಿಸಿ ಕಟ್ಟಬೇಕಾಗುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

2025ರ ಜುಲೈನಲ್ಲಿ, ಸುಮಾರು 23 ಲಕ್ಷ ರೂಪಾಯಿ ಕೊಟ್ಟರೆ ಭಾರತೀಯರಿಗೆ ಆ ದೇಶದ ಗೋಲ್ಡನ್ ವೀಸಾ ಜೀವನಪರ್ಯಂತ ಸಿಗುತ್ತದೆಂಬ ಸುದ್ದಿ ದೇಶದ ತುಂಬ ಹರಡಿತು. ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರಿ ಪ್ರಾಧಿಕಾರ ಅಂಥ ಯೋಜನೆಯೇ ಇಲ್ಲವೆಂದು ತಿಳಿಸಿತು. ಆ ನಡುವಿನ ದಿನಗಳಲ್ಲಿ ಹಣ ಹೊಂದಿಸಲು ಹೊರಟಿದ್ದವರ ಸ್ಥಿತಿಯನ್ನು ಪಾಲಕರೇ ಊಹಿಸಬಹುದು.

ಹಣ ಕಳಿಸುವ ಲೆಕ್ಕ

ಇಲ್ಲಿನ ಕಾನೂನನ್ನೂ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಂತೆ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಹೂಡಿಕೆಗಾಗಿ ವರ್ಷಕ್ಕೆ 10 ಲಕ್ಷ ರೂಪಾಯಿಗಿಂತ ಹೆಚ್ಚು ಕಳಿಸಿದರೆ, ಮೀರಿದ ಭಾಗದ ಮೇಲೆ ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು ಮುಂಗಡವಾಗಿ ವಸೂಲು ಮಾಡುತ್ತದೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಅಷ್ಟು ಹಣ ಕೈಯಲ್ಲಿರುವುದಿಲ್ಲ. ಪರದೇಶದ ಕಂಪನಿಯಲ್ಲಿ ಪಾಲು ಕೊಳ್ಳುವವರು 2022ರ ಸಾಗರೋತ್ತರ ಹೂಡಿಕೆ ನಿಯಮಗಳಂತೆ ಬ್ಯಾಂಕಿನ ಮೂಲಕ ವರದಿ ಸಲ್ಲಿಸಬೇಕು. ಹವಾಲಾ ದಾರಿ ಹಿಡಿದರೆ ಅಪರಾಧ. ಮೇಲಾಗಿ ಹಣದ ಮೂಲಕ್ಕೆ ದಾಖಲೆಯಿಲ್ಲವೆಂದು ವೀಸಾ ಅರ್ಜಿಯೇ ತಿರಸ್ಕೃತವಾಗಬಹುದು.

ಹೊಲದ ವಿಷಯದಲ್ಲಿ ಇನ್ನೊಂದು ಮಾತಿದೆ. ವಿದೇಶೀ ವಿನಿಮಯ ನಿರ್ವಹಣಾ ಕಾಯ್ದೆಯಡಿ ಅನಿವಾಸಿ ಭಾರತೀಯರು ಇಲ್ಲಿ ಕೃಷಿ ಜಮೀನನ್ನು ಖರೀದಿಸುವಂತಿಲ್ಲ. ಮೊದಲಿನಿಂದ ಇದ್ದ ಜಮೀನನ್ನು ಇಟ್ಟುಕೊಳ್ಳಲು, ಪಿತ್ರಾರ್ಜಿತವಾಗಿ ಪಡೆಯಲು ಅಡ್ಡಿಯಿಲ್ಲ. ಜೇವರ್ಗಿಯ ಕಪ್ಪು ಮಣ್ಣಿನ ಹೊಲವನ್ನು ಮಾರಿ ಹೋದ ಮಗ, ನಾಲ್ಕು ವರ್ಷದ ಬಳಿಕ ಲಾಭ ಗಳಿಸಿದರೂ ಅನಿವಾಸಿಯಾಗಿ ಇರುವವರೆಗೆ ತನ್ನ ಹೆಸರಿನಲ್ಲಿ ಅಂಥ ಹೊಲವನ್ನು ಮರಳಿ ಕೊಳ್ಳಲಾರ. ಇಟ್ಟುಕೊಂಡರೆ ಉಳಿಯುವ ಹೊಲ, ಮಾರಿದರೆ ಕೈತಪ್ಪುತ್ತದೆ.

ಏಜೆಂಟರ ಮಾತು

2023ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು ರಷ್ಯಾದಲ್ಲಿ ಭದ್ರತಾ ಸಹಾಯಕರ ಕೆಲಸವಿದೆಯೆಂಬ ಏಜೆಂಟರ ಮಾತನ್ನು ನಂಬಿ ಹೋಗಿ, ಯುಕ್ರೇನ್ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದರು. ಈ ಜಾಲದ ಬಗ್ಗೆ 2024ರ ಮಾರ್ಚ್‌ನಲ್ಲಿ ಸಿಬಿಐ ಹಲವು ನಗರಗಳಲ್ಲಿ ಶೋಧ ನಡೆಸಿತು. ಆ ಯುವಕರು ಮನೆಗೆ ಮರಳಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅವರು ಹೊರಟಿದ್ದು ನೌಕರಿಗೆ. ಆದರೆ ವ್ಯಾಪಾರಕ್ಕೆ ಹೊರಡುವವರಿಗೂ ಈ ಪಾಠ ಅನ್ವಯಿಸುತ್ತದೆ: ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬಾರದು, ಹೇಳಿದ ಕೆಲಸ ಮತ್ತು ವೀಸಾದ ಬಗೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡದೆ ವಿಮಾನ ಹತ್ತಬಾರದು.

ನೌಕರಿಗೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಂತೆ ನೋಂದಣಿ ಮಾಡಿಸಿರಬೇಕು. ಅವರ ಸೇವಾ ಶುಲ್ಕ ಜಿಎಸ್‌ಟಿ ಬಿಟ್ಟು 30 ಸಾವಿರ ರೂಪಾಯಿ ಮೀರುವಂತಿಲ್ಲ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ಹೆಸರನ್ನು ಪರಿಶೀಲಿಸಬಹುದು. 'ವೀಸಾ ಖಾತ್ರಿ' ಎಂದು ಯಾರೇ ಹೇಳಿದರೂ ನಂಬಬೇಕಾಗಿಲ್ಲ. ವೀಸಾ ಕೊಡುವುದು ಆ ದೇಶದ ಅಧಿಕಾರಿ, ಏಜೆಂಟನಲ್ಲ.

ಈಗಿನಿಂದ ಮಾಡಬೇಕಾದದ್ದು

ಮೊದಲು ಹೆಸರು. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ರೀತಿ ಇರಬೇಕು. ಈ ಭಾಗದಲ್ಲಿ ಅಡ್ಡಹೆಸರನ್ನು ಒಂದು ಕಡೆ ಬರೆಸಿ ಇನ್ನೊಂದು ಕಡೆ ಬಿಡುವುದು ಸಾಮಾನ್ಯ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಸಂದರ್ಶನ ವೀಸಾ ಕೊಡುವುದನ್ನು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ನಿಲ್ಲಿಸಿತು. ಎಸ್ಸೆಸ್ಸೆಲ್ಸಿ ಪಾಸಾಗುವುದೂ ಮುಖ್ಯ. ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ 'ಇಸಿಆರ್' ಎಂಬ ಗುರುತು ಬೀಳುತ್ತದೆ. ಅಂಥವರು ಕೊಲ್ಲಿ ದೇಶಗಳೂ ಸೇರಿದ 18 ದೇಶಗಳಿಗೆ ನೌಕರಿಗೆ ಹೋಗುವಾಗ ಪ್ರತ್ಯೇಕ ಅನುಮತಿ ಪಡೆಯಬೇಕಾಗುತ್ತದೆ.

ಎರಡನೆಯದು, ವ್ಯಾಪಾರವನ್ನು ಇಲ್ಲಿಯೇ ಪರೀಕ್ಷಿಸುವುದು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅಫಜಲಪುರದ ಯುವಕನೊಬ್ಬ ಒಳ್ಳೆಯ ಬೇಳೆಯನ್ನು ಸಣ್ಣ ಚೀಲಗಳಲ್ಲಿ ಹೊರದೇಶದ ಕನ್ನಡಿಗರಿಗೆ ಮುಟ್ಟಿಸಬೇಕೆಂದುಕೊಂಡರೆ ಅವನು ಮೊದಲ ದಿನವೇ ವೀಸಾ ಕೇಳಬೇಕಾಗಿಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಖ್ಯೆ ಪಡೆಯಲು ಸರ್ಕಾರಿ ಶುಲ್ಕ 500 ರೂಪಾಯಿ. ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಗುಣಮಟ್ಟ, ಪ್ಯಾಕಿಂಗ್, ಸಾಗಣೆ ವೆಚ್ಚ ಕಲಿತು, ರಫ್ತಿನ ನಿಯಮ ತಿಳಿದು, ಊರಲ್ಲಿದ್ದೇ ಮೊದಲ ಸರಕನ್ನು ಕಳಿಸಬಹುದು. ಅಲ್ಪಾವಧಿಯ ಬಿಸಿನೆಸ್ ವೀಸಾದಲ್ಲಿ ಹೋಗಿ ಗಿರಾಕಿಗಳನ್ನು ಕಾಣಬಹುದು. ಎರಡು ಮೂರು ವರ್ಷದ ಬಿಲ್ಲುಗಳು, ಬ್ಯಾಂಕಿನ ವಹಿವಾಟು, ತೆರಿಗೆ ದಾಖಲೆ ಕೈಯಲ್ಲಿದ್ದರೆ ನೆಲೆಸುವ ವೀಸಾ ಕೇಳುವಾಗ ಅವನ ಮಾತಿಗೆ ತೂಕ ಬರುತ್ತದೆ. ವ್ಯಾಪಾರ ಕೂಡದಿದ್ದರೆ ಹೋಗುವುದು ಕೆಲವು ಸಾವಿರ ರೂಪಾಯಿ, ಹೊಲ ಉಳಿದಿರುತ್ತದೆ.

ಮೂರನೆಯದು ಭಾಷೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯುವ, ದೂರವಾಣಿಯಲ್ಲಿ ದರ ಕುದುರಿಸುವ ಅಭ್ಯಾಸ ಪದವಿಯ ಮೊದಲ ವರ್ಷದಿಂದಲೇ ಆಗಬೇಕು. ಜತೆಗೆ ಮನೆಯ ಅಂಗಡಿಯದೋ ಹೊಲದ್ದೋ ಒಂದು ವರ್ಷದ ಜಮಾ-ಖರ್ಚನ್ನು ಮಗನೋ ಮಗಳೋ ತಪ್ಪದೆ ಬರೆಯಲಿ. ಆ ಪುಸ್ತಕವನ್ನು ತಂದೆ ತಾಯಿ ಜತೆಗೆ ಕುಳಿತು ನೋಡಿದರೆ, ಪರದೇಶದ ಮಾತು ಮುಂದುವರಿಸಬಹುದೋ ಇನ್ನೊಂದು ವರ್ಷ ಕಾಯಬೇಕೋ ಎಂಬುದು ಏಜೆಂಟನನ್ನು ಕೇಳದೆಯೇ ಮನೆಯಲ್ಲೇ ತೀರ್ಮಾನವಾಗುತ್ತದೆ.