ಹಳೆಯ ಫೋನು, ಹೊಸ ಬ್ಯಾಟರಿ ಮತ್ತು ಒಂದು ದಂಡದ ಲೆಕ್ಕ

2025ರ ಜುಲೈ ತಿಂಗಳ ಒಂದು ಸಂಜೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನನ್ನ ಕಕ್ಷಿದಾರರೊಬ್ಬರ ಕಾರ್ಖಾನೆಯಿಂದ ರೂ. 3,20,000 ಮೌಲ್ಯದ ವಾಲ್ವುಗಳನ್ನು ಹೇರಿಕೊಂಡ ಲಾರಿಯೊಂದು ಕೊಲ್ಹಾಪುರಕ್ಕೆ ಹೊರಟಿತು. ಮಳೆ ಹಿಡಿಯುವ ಮೊದಲು ಘಟ್ಟ ಸೇರಬೇಕೆಂದು ಚಾಲಕನಿಗೆ ಅವಸರ. "ಇನ್ವಾಯ್ಸ್ ಇದೆಯಲ್ಲ, ಇ-ವೇ ಬಿಲ್ ಹತ್ತು ನಿಮಿಷದಲ್ಲಿ ಕಳುಹಿಸುತ್ತೇನೆ, ನೀ ನಡಿ" ಎಂದು ನಮ್ಮ ಉದ್ಯಮಿಗಳು ಅವನನ್ನು ಬೀಳ್ಕೊಟ್ಟರು. ಇ-ವೇ ಬಿಲ್ ತಾಣವನ್ನು ಪ್ರವೇಶಿಸಲು 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆಯೆಂಬುದು ಓದುಗರಿಗೆ ತಿಳಿದೇ ಇದೆ. ಗುಪ್ತಪದ ಕೊಟ್ಟ ಮೇಲೆ ನೋಂದಾಯಿತ ಮೊಬೈಲಿಗೆ ಓ.ಟಿ.ಪಿ. ಬರಬೇಕು. ಆ ಮೊಬೈಲು ನಾಲ್ಕು ವರ್ಷದ್ದು. ಶೇ. 40 ಚಾರ್ಜ್ ತೋರಿಸುತ್ತಿದ್ದುದು ಓ.ಟಿ.ಪಿ. ಬರುವ ಮುನ್ನವೇ ಕಣ್ಣು ಮುಚ್ಚಿತು. ಚಾರ್ಜರಿಗೆ ಹಾಕಿದರೆ ಏಳುವುದು, ಮತ್ತೆ ಮಲಗುವುದು. ಸಿಮ್ ತೆಗೆದು ಬೇರೆ ಫೋನಿಗೆ ಹಾಕೋಣವೆಂದರೆ ಸಿಮ್ ತಟ್ಟೆಯನ್ನು ಹೊರದೂಡುವ ಪಿನ್ ಇಡೀ ಕಾರ್ಖಾನೆಯಲ್ಲಿ ಸಿಗಲಿಲ್ಲ. ಲಕ್ಷಾಂತರ ರೂಪಾಯಿಯ ಲೇತ್ ಯಂತ್ರಗಳ ನಡುವೆ ನಿಂತು ಸ್ಟೇಪ್ಲರ್ ಪಿನ್ನನ್ನು ನೇರ ಮಾಡಿ ಚುಚ್ಚಿದರಂತೆ.

ಲಾರಿಯನ್ನು ಬೆಳಗಾವಿಯ ಸಮೀಪ ತಡೆದರು. ಸರಕಿನ ಮೇಲಿನ ತೆರಿಗೆ ಶೇ. 18ರಂತೆ ರೂ. 57,600. ಸಾಗಣೆಯಲ್ಲಿ ತಡೆಹಿಡಿದ ಸರಕನ್ನು ಮಾಲೀಕನೇ ಬಂದು ಬಿಡಿಸಿಕೊಳ್ಳುವಾಗ ದಂಡವು ತೆರಿಗೆಯ ಎರಡರಷ್ಟು, ಅಂದರೆ ರೂ. 1,15,200. ಅಧಿಕಾರಿಗಳನ್ನು ದೂರುವಂತಿಲ್ಲ, ದಾಖಲೆ ಇರಲಿಲ್ಲ. ಆ ಫೋನಿನ ಬ್ಯಾಟರಿಯನ್ನು ಬದಲಿಸಿಕೊಡಲು ಅಂಗಡಿಯವನು ಮೂರು ತಿಂಗಳ ಹಿಂದೆ ಕೇಳಿದ್ದುದು ರೂ. 1,800. "ಇನ್ನೊಂದಷ್ಟು ದಿನ ನಡೆಯಲಿ, ಆಮೇಲೆ ಹೊಸದನ್ನೇ ಕೊಂಡರಾಯಿತು" ಎಂದು ನಮ್ಮವರು ಹಿಂದಿರುಗಿದ್ದರು.

ಇವರೊಬ್ಬರ ಕಥೆಯಾಗಿದ್ದರೆ ಈ ಪುಟಗಳಲ್ಲಿ ಬರೆಯುವ ಅಗತ್ಯವಿರಲಿಲ್ಲ. ಲೆಕ್ಕಪರಿಶೋಧನೆಗೆಂದು ಹೋದಲ್ಲೆಲ್ಲ ಇದೇ ಎರಡು ಬಗೆಯವರನ್ನು ಕಾಣುತ್ತೇನೆ. ಕೆಲವರು ಫೋನು ಸಾಯುವವರೆಗೂ ಅದಕ್ಕೆ ನಯಾಪೈಸೆ ಖರ್ಚು ಮಾಡುವುದಿಲ್ಲ. ಇನ್ನು ಕೆಲವರು ಎರಡು ವರ್ಷ ತುಂಬುವುದೇ ತಡ, ಮಾರಾಟ ಪ್ರತಿನಿಧಿಗಳಿಗೆಲ್ಲ ಕಂತಿನ ಮೇಲೆ ಹೊಸ ಫೋನು ಕೊಡಿಸುತ್ತಾರೆ. ಬೋರ್‌ವೆಲ್ ಪಂಪಿಗೆ ರಿವೈಂಡಿಂಗ್ ಮಾಡಿಸುವ, ಟೆಂಪೋಗೆ ಹೊಸ ಟೈರು ಹಾಕಿಸುವ ನಾವು ಫೋನನ್ನು ಮಾತ್ರ ಯಂತ್ರವೆಂದು ಏಕೆ ಭಾವಿಸುವುದಿಲ್ಲವೋ ನನಗೆ ತಿಳಿಯದು.

ಮೊದಲು ಬ್ಯಾಟರಿಯ ವಿಚಾರ. ಲಿಥಿಯಂ ಅಯಾನ್ ಬ್ಯಾಟರಿಯ ಆಯುಷ್ಯವನ್ನು ವರ್ಷಗಳಿಗಿಂತ ಹೆಚ್ಚಾಗಿ ಚಾರ್ಜ್ ಆವರ್ತಗಳಲ್ಲಿ ಅಳೆಯುವುದು ವಾಡಿಕೆ. ಸುಮಾರು 500 ಪೂರ್ಣ ಆವರ್ತಗಳ ನಂತರ ಮೂಲ ಸಾಮರ್ಥ್ಯದ ಶೇ. 80ರಷ್ಟು ಉಳಿಯಬೇಕೆಂಬುದು ಬಹುಕಾಲ ಉದ್ಯಮದ ಮಾನದಂಡವಾಗಿತ್ತು. ಮನೆಯಲ್ಲಿ ಬಳಸುವ ಫೋನಿಗೆ ಇದು ಎರಡು ವರ್ಷವಾದೀತು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಯು.ಪಿ.ಐ., ವಾಟ್ಸಾಪ್, ಕರೆ ಎಂದು ದುಡಿಯುವ ಅಂಗಡಿಯ ಫೋನು ದಿನಕ್ಕೊಂದು ಆವರ್ತವನ್ನು ಮುಗಿಸುತ್ತದೆ. ಹದಿನಾರು ತಿಂಗಳಿಗೇ ಲೆಕ್ಕ ಮುಗಿಯಿತು. ಫೋನು ನಿಧಾನವಾಯಿತೆಂದು ನಾವು ದೂರುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಹಳೆಯ ಬ್ಯಾಟರಿಯುಳ್ಳ ಐಫೋನುಗಳು ಹಠಾತ್ತನೆ ನಿಲ್ಲದಿರಲೆಂದು ಅವುಗಳ ವೇಗವನ್ನು ತಗ್ಗಿಸಲಾಗುತ್ತಿತ್ತೆಂಬುದನ್ನು ಆಪಲ್ ಕಂಪನಿಯು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಗ್ರಾಹಕರ ಆಕ್ರೋಶದ ಬಳಿಕ, 2018ರಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು ಅಮೆರಿಕದಲ್ಲಿ 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಬ್ಯಾಟರಿ ಬದಲಾಯಿಸಿದ ಫೋನುಗಳು ಮೊದಲಿನ ವೇಗಕ್ಕೆ ಮರಳಿದವು. ಯುರೋಪ್ ಒಕ್ಕೂಟದಲ್ಲಂತೂ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಹೊಸ ಮಾದರಿಗಳ ಬ್ಯಾಟರಿಯು 800 ಆವರ್ತಗಳ ನಂತರವೂ ಶೇ. 80 ಸಾಮರ್ಥ್ಯ ಉಳಿಸಿಕೊಂಡಿರಬೇಕೆಂಬ ನಿಯಮ ಜಾರಿಯಾಗಿದೆ.

ಬ್ಯಾಟರಿಯ ಬದಲು ಪವರ್ ಬ್ಯಾಂಕ್ ಕೊಂಡರೆ ಸಾಲದೇ ಎಂದು ಕೇಳುವವರುಂಟು. ಪವರ್ ಬ್ಯಾಂಕ್ ಎಂಬುದು ಕೈಗಡ ಇದ್ದಂತೆ. ದಾರಿಖರ್ಚಿಗೆ ಸರಿ, ಸೋರುವ ವ್ಯವಹಾರಕ್ಕೆ ಅದು ಬಂಡವಾಳವಾಗಲಾರದು. ಉಬ್ಬಿದ ಬ್ಯಾಟರಿಯಿರುವ ಫೋನಿಗೆ ಅದನ್ನು ಸಿಕ್ಕಿಸಿ ಜೇಬಿನಲ್ಲಿಟ್ಟುಕೊಳ್ಳುವುದು ಅಪಾಯವೂ ಹೌದು. ಹಿಂಬದಿಯ ಹೊದಿಕೆ ಎದ್ದಿದ್ದರೆ, ಪರದೆಯ ಅಂಚು ಬಿಟ್ಟಿದ್ದರೆ, ಅಂದೇ ಬಳಕೆ ನಿಲ್ಲಿಸತಕ್ಕದ್ದು.

ಇನ್ನು ಹೊರಗಿನಿಂದ ಜೋಡಿಸುವ ಪರಿಕರಗಳು. ಇಲ್ಲಿ ಒಂದು ಹಳೆಯ ಪ್ರಸಂಗವನ್ನು ನೆನಪಿಸುವುದು ಉಪಯುಕ್ತ. ಫೋನಿನ ಭಾಗಗಳನ್ನು ಬೇಕಾದಂತೆ ಕಳಚಿ ಜೋಡಿಸಬಹುದಾದ ‘ಪ್ರಾಜೆಕ್ಟ್ ಅರಾ’ ಎಂಬ ಯೋಜನೆಯನ್ನು ಗೂಗಲ್ 2016ರಲ್ಲಿ ಕೈಬಿಟ್ಟಿತು. ಅದೇ ವರ್ಷ ಎಲ್.ಜಿ. ಕಂಪನಿಯ ‘ಜಿ5’ ಫೋನು ಕೆಳಭಾಗವನ್ನು ಎಳೆದು ಬೇರೆ ಉಪಕರಣ ಸೇರಿಸುವ ಸೌಲಭ್ಯದೊಡನೆ ಬಂದಿತು. ಮರುವರ್ಷದ ಮಾದರಿಯಲ್ಲಿ ಅದು ಇರಲಿಲ್ಲ. ಮೋಟೊರೋಲಾದ ‘ಮೋಟೋ ಜೆಡ್’ ಫೋನಿನ ಬೆನ್ನಿಗೆ ಪ್ರೊಜೆಕ್ಟರ್, ಸ್ಪೀಕರ್, ಕ್ಯಾಮರಾಗಳನ್ನು ಅಯಸ್ಕಾಂತದಿಂದ ಅಂಟಿಸಬಹುದಾಗಿತ್ತು. 2019ರ ಬಳಿಕ ಆ ಸಾಲಿನ ಫೋನುಗಳು ಬರಲಿಲ್ಲ, ಸಾವಿರಾರು ರೂಪಾಯಿಯ ಆ ಉಪಕರಣಗಳು ಆ ಹಳೆಯ ಫೋನುಗಳ ಜೊತೆಗೇ ಉಳಿದುಹೋದವು. ಬದುಕುಳಿದಿರುವುದು ಯು.ಎಸ್.ಬಿ. ಕಿಂಡಿ ಮತ್ತು ಬ್ಲೂಟೂತ್ ಎಂಬ ಸಾರ್ವತ್ರಿಕ ದಾರಿಗಳಲ್ಲಿ ಮಾತನಾಡುವ ಪರಿಕರಗಳು ಮಾತ್ರ. ಆದುದರಿಂದ ನನ್ನ ಸಲಹೆ ಸರಳ: ಒಂದೇ ಮಾದರಿಗೆ ಹೊಂದುವ ವಸ್ತುವಿಗೆ ಹಣ ಹಾಕಬೇಡಿರಿ. ಇಂದಿನ ಹಳೆಯ ಫೋನಿಗೆ ಕೊಂಡ ಪರಿಕರವು ನಾಳಿನ ಹೊಸ ಫೋನಿಗೂ ದುಡಿಯುವಂತಿರಬೇಕು.

ಈ ದೃಷ್ಟಿಯಿಂದ ವರ್ತಕರಿಗೆ ಅತ್ಯಂತ ಲಾಭದಾಯಕವಾದುದು ಬ್ಲೂಟೂತ್ ಬಾರ್‌ಕೋಡ್ ಸ್ಕ್ಯಾನರ್. ಫೋನು ಅದನ್ನೊಂದು ಕೀಲಿಮಣೆಯೆಂದೇ ತಿಳಿಯುತ್ತದೆ. ಸಂಕೇತವನ್ನು ಓದಿದೊಡನೆ ಅಂಕಿಗಳು ತಾವಾಗಿಯೇ ನಮೂದಾಗುತ್ತವೆ. ಮಸುಕಾದ ಹಳೆಯ ಕ್ಯಾಮರಾವನ್ನು ಡಬ್ಬಿಯ ಮುಂದೆ ಹಿಂದೆಮುಂದೆ ಆಡಿಸುತ್ತ ನಿಲ್ಲುವ ಕಷ್ಟವಿಲ್ಲ. ಗೋದಾಮಿನ ದಾಸ್ತಾನು ಎಣಿಕೆಗೆ ಐದು ವರ್ಷದ ಫೋನೂ ಇದರೊಡನೆ ಧಾರಾಳವಾಗಿ ಸಾಕು. ಮಾರ್ಚ್ 31ರ ದಾಸ್ತಾನು ಪಟ್ಟಿಯನ್ನು ಜೂನ್ ತಿಂಗಳಲ್ಲಿ ನೆನಪಿನಿಂದ ಬರೆದು ಕೊಡುವ ನನ್ನ ಕೆಲವು ಮಿತ್ರರು ಈ ಸಾಲನ್ನು ಎರಡು ಬಾರಿ ಓದಬೇಕೆಂದು ವಿನಂತಿ.

ಕಿಸೆಯಷ್ಟು ಗಾತ್ರದ ಥರ್ಮಲ್ ಪ್ರಿಂಟರ್ ಕೂಡ ಅಂಥದ್ದೇ. 58 ಮಿ.ಮೀ. ಅಗಲದ ಕಾಗದದ ಮೇಲೆ ಸುತ್ತಾಟದ ಮಾರಾಟಗಾರನು ಅಂಗಡಿಯ ಮುಂದೆಯೇ ಬಿಲ್ ಕೊಡಬಹುದು. ಆದರೆ ಥರ್ಮಲ್ ಕಾಗದದ ಅಕ್ಷರಗಳು ಬಿಸಿಲಿಗೂ ಶಾಖಕ್ಕೂ ಅಳಿಸುತ್ತವೆ. ಜಿ.ಎಸ್.ಟಿ. ಕಾನೂನಿನಂತೆ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿರಿಸಬೇಕು. ಬಿಳಿಯ ಸುರುಳಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು "ಇದರಲ್ಲಿ ಬಿಲ್ ಇತ್ತು ಸಾರ್" ಎಂದರೆ ನಾನೇನು ಮಾಡಲಿ? ಮೂಲ ಪ್ರತಿಯು ಕಂಪ್ಯೂಟರಿನಲ್ಲಿ ಉಳಿಯಲೇಬೇಕು.

ಜಾಗ ಸಾಲದ ಫೋನಿಗೆ ಮೆಮೊರಿ ಕಾರ್ಡ್ ಅಥವಾ ಓ.ಟಿ.ಜಿ. ಪೆನ್‌ಡ್ರೈವ್ ಜೋಡಿಸುವುದು ಎಲ್ಲರಿಗೂ ತಿಳಿದ ಉಪಾಯ. ಒಂದೇ ಎಚ್ಚರಿಕೆ: ಅಗ್ಗದ ದರಕ್ಕೆ 512 ಜಿ.ಬಿ. ಎಂದು ಮಾರುವ ಕಾರ್ಡುಗಳಲ್ಲಿ ಎಷ್ಟೋ ನಕಲಿ. ಒಳಗಿರುವ ಜಾಗ ತುಂಬಿದ ಮೇಲೆ ಹಳೆಯ ಕಡತದ ಮೇಲೆಯೇ ಹೊಸದನ್ನು ಬರೆದುಬಿಡುತ್ತವೆ, ತೆರೆದಾಗಲಷ್ಟೆ ಗೊತ್ತಾಗುವುದು. ಬಿಲ್ ಸಹಿತ ಕೊಂಡು, ಒಮ್ಮೆ ಪೂರ್ತಿ ತುಂಬಿಸಿ ತೆರೆದು ನೋಡಿ ಬಳಸಬೇಕು.

ಈಗ ನನ್ನ ಕಸುಬಿನ ಲೆಕ್ಕಕ್ಕೆ ಬರುತ್ತೇನೆ. ಆದಾಯ ತೆರಿಗೆಯಲ್ಲಿ ಮೊಬೈಲ್ ಫೋನಿಗೆ ಸವಕಳಿ ಶೇ. 15. ಕಂಪ್ಯೂಟರಿಗಿರುವ ಶೇ. 40 ಇದಕ್ಕಿಲ್ಲ; ಮೊಬೈಲ್ ಫೋನು ಕಂಪ್ಯೂಟರ್ ಅಲ್ಲವೆಂದು ಕೇರಳ ಉಚ್ಚ ನ್ಯಾಯಾಲಯವು ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ ಹೇಳಿದೆ. ರೂ. 20,000ಕ್ಕೆ ಕೊಂಡ ಫೋನು ನಾಲ್ಕು ವರ್ಷ ಪೂರ್ಣ ಸವಕಳಿ ಕಳೆದ ಮೇಲೂ ಪುಸ್ತಕದಲ್ಲಿ ರೂ. 10,440 ಎಂದು ನಿಂತಿರುತ್ತದೆ. ಹೊಸ ಫೋನಿನ ಪೂರ್ಣ ಬೆಲೆಯನ್ನು ಈ ವರ್ಷದ ಲಾಭದಿಂದ ಕಳೆಯಬಹುದೆಂದು ಮಾರ್ಚ್ ಕೊನೆಗೆ ಓಡುವವರು ಇದನ್ನು ಗಮನಿಸಬೇಕು. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ಶೇ. 15ರ ಅರ್ಧವಷ್ಟೆ ದೊರೆಯುತ್ತದೆ. ರೂ. 10,000 ಮೀರಿದ ಮೊತ್ತವನ್ನು ಒಂದೇ ದಿನ ಒಬ್ಬನಿಗೇ ನಗದಾಗಿ ಕೊಟ್ಟಿದ್ದರೆ ಅದೂ ಇಲ್ಲ. ಅದೇ ರೂ. 1,800ರ ಬ್ಯಾಟರಿಯಾದರೋ ದುರಸ್ತಿ ವೆಚ್ಚ. ಆ ವರ್ಷವೇ ಪೂರ್ಣ ಖರ್ಚು, ನಮ್ಮ ಜಿ.ಎಸ್.ಟಿ. ಸಂಖ್ಯೆಯಿರುವ ಬಿಲ್ ಪಡೆದರೆ ಹೂಡುವಳಿ ತೆರಿಗೆಯ ಜಮೆಯೂ ಸಿಗುತ್ತದೆ.

ವಿನಿಮಯ ಕೊಡುಗೆಗಳಲ್ಲಿ ಅಡಗಿರುವ ಇನ್ನೊಂದು ಸಂಗತಿಯುಂಟು. ಹಳೆಯ ಫೋನು ಕೊಟ್ಟು ರೂ. 20,000ಕ್ಕೆ ಹೊಸದು ಸಿಕ್ಕಿದರೂ, ವಿನಿಮಯವಿಲ್ಲದೆ ಅದರ ಬೆಲೆ ರೂ. 24,000 ಇದ್ದರೆ ತೆರಿಗೆಯು ರೂ. 24,000ದ ಮೇಲೆಯೇ. ಜಿ.ಎಸ್.ಟಿ. ನಿಯಮ 27ರಲ್ಲಿ ಕೊಟ್ಟಿರುವ ಉದಾಹರಣೆಯೇ ಇದು. ಇನ್ನು ಕೊಟ್ಟ ಹಳೆಯ ಫೋನಿಗೆ ಹಿಂದೆ ನಾವು ತೆರಿಗೆ ಜಮೆ ಪಡೆದಿದ್ದರೆ? ರೂ. 20,000ದ ಫೋನಿಗೆ ಜಮೆ ರೂ. 3,600. ಪ್ರತಿ ತ್ರೈಮಾಸಿಕಕ್ಕೆ ಶೇ. 5ರಂತೆ ಅದು ಕರಗುತ್ತ ಹೋಗಿ ಐದು ವರ್ಷಕ್ಕೆ ಶೂನ್ಯವಾಗುತ್ತದೆ. ಮೂರು ವರ್ಷಕ್ಕೇ ರೂ. 4,000ಕ್ಕೆ ಮಾರಿದರೆ ಮಾರಾಟ ಬೆಲೆಯ ಮೇಲಿನ ತೆರಿಗೆ ರೂ. 720, ಕರಗದೆ ಉಳಿದ ಜಮೆ ರೂ. 1,440, ಎರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. ಅಂಗಡಿಯವನು ಹೇಳುವ ‘ಎಕ್ಸ್‌ಚೇಂಜ್ ಬೋನಸ್’ನಲ್ಲಿ ಈ ಸಾಲು ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಹಳೆಯ ಫೋನನ್ನು ಎಂದೆಂದಿಗೂ ಎಳೆಯಿರಿ ಎಂಬುದು ನನ್ನ ವಾದವಲ್ಲ. ಬ್ಯಾಟರಿ, ಕಾರ್ಡು, ಸ್ಕ್ಯಾನರುಗಳು ದೇಹವನ್ನು ಗಟ್ಟಿಮಾಡಬಲ್ಲವು. ತಯಾರಕರು ಭದ್ರತಾ ಪರಿಷ್ಕರಣೆ ನಿಲ್ಲಿಸಿದ ಮೇಲೆ ಆ ಕೊರತೆಯನ್ನು ಯಾವ ಪರಿಕರವೂ ತುಂಬಲಾರದು. 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ 8 ಮತ್ತು 2024ರ ಸ್ಯಾಮ್‌ಸಂಗ್ ಎಸ್24 ಮಾದರಿಗಳಿಗೆ ಏಳು ವರ್ಷದ ಪರಿಷ್ಕರಣೆಯನ್ನು ಕಂಪನಿಗಳೇ ಘೋಷಿಸಿವೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಅಗ್ಗದ ಫೋನುಗಳಿಗೆ ಆ ಭಾಗ್ಯವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಪರಿಷ್ಕರಣೆಯ ದಿನಾಂಕವಿರುತ್ತದೆ. ಅದು ವರ್ಷಕ್ಕಿಂತ ಹಿಂದಿನದಾಗಿದ್ದು ಹೊಸದು ಬರುವ ಸೂಚನೆಯೂ ಇಲ್ಲದಿದ್ದರೆ, ಆ ಫೋನಿನಿಂದ ಬ್ಯಾಂಕ್ ಮತ್ತು ಯು.ಪಿ.ಐ. ಕೆಲಸವನ್ನೂ, ಓ.ಟಿ.ಪಿ. ಬರುವ ಸಿಮ್ಮನ್ನೂ ತೆಗೆಯತಕ್ಕದ್ದು. ಉಳಿದಂತೆ ದಾಸ್ತಾನು ಎಣಿಕೆಗೆ, ಬಿಲ್ ಮುದ್ರಣಕ್ಕೆ, ರವಾನೆಯ ಛಾಯಾಚಿತ್ರಕ್ಕೆ ಅದು ದುಡಿಯುತ್ತಲೇ ಇರಲಿ. ಗೋದಾಮಿನ ಕಾವಲು ಕ್ಯಾಮರಾ ಮಾಡಿ ಹಗಲಿರುಳು ಚಾರ್ಜರಿನಲ್ಲೇ ಇಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬ್ಯಾಟರಿ ಉಬ್ಬುವುದಕ್ಕೆ ಅದೇ ನೇರ ದಾರಿ, ಅದೂ ಹತ್ತಿಯೋ ರಟ್ಟಿನ ಡಬ್ಬಿಯೋ ತುಂಬಿರುವಲ್ಲಿ.

ನಮ್ಮ ವಾಲ್ವ್ ತಯಾರಕರ ವಿಷಯ ಅರ್ಧಕ್ಕೇ ನಿಂತಿತು. ಲಾರಿ ಬಿಡಿಸಿಕೊಂಡು ಬಂದ ಸಿಟ್ಟಿನಲ್ಲಿ ಮರುದಿನವೇ ರೂ. 32,000ದ ಹೊಸ ಫೋನು ಕೊಂಡರು. ಬಿಲ್ ಮಗನ ಹೆಸರಿನಲ್ಲಿದೆ, ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಇಲ್ಲ, ಆದುದರಿಂದ ಜಮೆಯೂ ಇಲ್ಲ. ಹಳೆಯದಕ್ಕೆ ಕೊನೆಗೂ ಬ್ಯಾಟರಿ ಹಾಕಿಸಿದ್ದಾರೆ. ಅದೀಗ ರವಾನೆ ವಿಭಾಗದಲ್ಲಿ ಒಂದು ಸ್ಕ್ಯಾನರಿನೊಡನೆ ಇದೆ. ಇ-ವೇ ಬಿಲ್ ತಾಣದಲ್ಲಿ ಗುಮಾಸ್ತರನ್ನು ಉಪ-ಬಳಕೆದಾರರನ್ನಾಗಿ ಸೇರಿಸಿ, ಅವರ ಸ್ವಂತ ಮೊಬೈಲಿಗೂ ಓ.ಟಿ.ಪಿ. ಬರುವಂತೆ ಮಾಡಿಕೊಂಡಿದ್ದಾರೆ. ಕಳೆದ ಬಾರಿ ಹೋದಾಗ ನೋಡಿದೆ: ಕ್ಯಾಲೆಂಡರಿನ ಮೊಳೆಗೆ ದಾರದಲ್ಲಿ ಒಂದು ಸಿಮ್ ಪಿನ್ ಕಟ್ಟಿ ತೂಗುಹಾಕಿದ್ದರು.